ಕಾಸರಗೋಡಿನ ಬದಿಯಡ್ಕದ ಕಡೆಯಿಂದ ಮೈಸೂರಿನ ಅಕ್ಕನಿಗೆ

ಅಕ್ಕಾ, ನೀವು ಎರಡು ವಿಷಯ ಕೇಳಿದ್ದಿರಿ. ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ, ಏನು ವಿಶೇಷ ಅಂತ ಒಂದು. ಕೇರಳದಲ್ಲಿದ್ದುಕೊಂಡು ಕನ್ನಡದವರಾಗಿ ಬದುಕುವುದು ಕಷ್ಟ ಅಲ್ವಾ ಅಂತ ಇನ್ನೊಂದು. ಬೇರೆ ಬೇರೆಯಾಗಿ ಉತ್ತರ ಬರೆಯಲು ನನಗೆ ಆಗುತ್ತಿಲ್ಲ. ಅತ್ತೆಯ ಕಣ್ಣಿನ ಆಪರೇಷನ್ ವಿಷಯ ಹೇಳಬೇಕಾದರೆ ಕೇರಳ-ಕರ್ನಾಟಕ ಗಡಿಯ ತಲಪಾಡಿಯ ವಿಷಯ ಬರುತ್ತದೆ. ಮಗಳ ಪರೀಕ್ಷೆಯ ವಿಷಯ ಹೇಳಿದರೆ ಎರಡು ರಾಜ್ಯದ ಕಾಗದಪತ್ರ ಬರುತ್ತದೆ. ಹಾಗಾಗಿ ಎಲ್ಲ ಒಟ್ಟಿಗೇ ಬರೆಯುತ್ತೇನೆ. ಸ್ವಲ್ಪ ಉದ್ದವಾದೀತು.

ಮೊದಲು ಸಂತೋಷದ ಸುದ್ದಿ. ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿ ಆಯಿತು. ಈಗ ಕನ್ನಡ ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುತ್ತಾರೆ. ಯಾರ ಮನೆಯಲ್ಲಿ ದೈವದ ಕೋಲ, ಯಾವ ಮೇಳದ ಯಕ್ಷಗಾನ ಎಲ್ಲಿ ಅಂತ ಬೆಳಿಗ್ಗೆಯೇ ವರದಿ ಕೊಡುತ್ತಾರೆ. ಇನ್ನೊಂದು ಕಣ್ಣು ಮಳೆಗಾಲ ಮುಗಿದ ಮೇಲೆ ಮಾಡೋಣ ಅಂದಿದ್ದಾರೆ ಡಾಕ್ಟರು.

ಆಪರೇಷನ್ ಮಾಡಿಸಿದ್ದು ಮಂಗಳೂರಲ್ಲಿ. ಯಾಕೆ ಅಂತ ನೀವು ಕೇಳಬಹುದು. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ನಮ್ಮ ರಾಜಧಾನಿ ತಿರುವನಂತಪುರಕ್ಕೆ 550 ಕಿಲೋಮೀಟರಿಗೂ ಜಾಸ್ತಿ. ವಂದೇ ಭಾರತ್ ರೈಲಿನಲ್ಲಿ ಕೂತರೂ ಒಂದು ಹಗಲು ಅಲ್ಲಿಗೇ ಆಯಿತು. ಅಜ್ಜಂದಿರ ಕಾಲದಿಂದಲೂ ದೊಡ್ಡ ಕಾಯಿಲೆ ಅಂದರೆ ಮಂಗಳೂರು, ಮದುವೆ ಜವಳಿ ಅಂದರೆ ಮಂಗಳೂರು, ಕಾಲೇಜು ಅಂದರೆ ಮಂಗಳೂರು ಇಲ್ಲವೇ ಪುತ್ತೂರು. ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋಗುವ ಮೊದಲು ಡಾಕ್ಟರು ಬಂದು ತುಳುವಿನಲ್ಲಿ 'ಎಂಚ ಉಲ್ಲರ್ ಅಮ್ಮಾ', ಹೇಗಿದ್ದೀರಿ ಅಂತ ಕೇಳಿದರು. ಅತ್ತೆಯ ಮುಖದಲ್ಲಿದ್ದ ಭಯ ಅಲ್ಲೇ ಅರ್ಧ ಇಳಿಯಿತು. ನಮ್ಮ ಮನೆಮಾತು ತುಳು. ಓದು, ಬರಹ, ಭಜನೆ, ಮದುವೆ ಕಾಗದ ಎಲ್ಲ ಕನ್ನಡ. ಇಲ್ಲಿನ ಎಷ್ಟೋ ಕನ್ನಡದವರ ಮನೆಗಳು ಹೀಗೆಯೇ.

ಹೋಗುವ ದಾರಿ ಈಗ ತುಂಬಾ ಸುಲಭವಾಗಿದೆ. ನಮ್ಮಲ್ಲಿಂದ ಕುಂಬಳೆಗೆ ಇಳಿದರೆ ಆರು ಪಥದ ಹೊಸ ಹೈವೇ. ತಲಪಾಡಿಯಿಂದ ಚೆಂಗಳದವರೆಗಿನ 39 ಕಿಲೋಮೀಟರ್ ಮುಗಿದಿದೆ. ಉಪ್ಪಳ, ಹೊಸಂಗಡಿ, ಮಂಜೇಶ್ವರ ದಾಟಿದ್ದು ಗೊತ್ತೇ ಆಗುವುದಿಲ್ಲ. ಆದರೆ ರಸ್ತೆಯ ಆಚೆ ಅಂಗಡಿ, ಈಚೆ ಮನೆ ಇದ್ದವರಿಗೆ ಕಷ್ಟವಾಗಿದೆ. ಮೊದಲು ನಾಲ್ಕು ಹೆಜ್ಜೆಯಲ್ಲಿ ದಾಟುತ್ತಿದ್ದರು. ಈಗ ಅಂಡರ್‌ಪಾಸ್ ಹುಡುಕಿಕೊಂಡು ಸುತ್ತಿ ಬರಬೇಕು. ತಲಪಾಡಿಯ ಟೋಲ್ ಸಾಲದೆ ಆರಿಕ್ಕಾಡಿಯಲ್ಲಿ ಇನ್ನೊಂದು ಟೋಲ್ ಕಟ್ಟಿದ್ದಕ್ಕೆ ಊರವರು ಪಕ್ಷ ನೋಡದೆ ಒಟ್ಟಾಗಿ ವಿರೋಧಿಸಿದರು. ಆಸ್ಪತ್ರೆಗೆ, ಕಾಲೇಜಿಗೆ ದಿನಾ ಅದೇ ದಾರಿಯಲ್ಲಿ ಹೋಗುವವರು ಎರಡು ಕಡೆ ದುಡ್ಡು ಕಟ್ಟಬೇಕು ಅಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ವಾಪಸ್ ಬರುವಾಗ ನಮ್ಮವರು ಗಡಿಯ ಆಚೆಯೇ ಪೆಟ್ರೋಲ್ ತುಂಬಿಸುತ್ತಾರೆ. ಕರ್ನಾಟಕದಲ್ಲಿ ರೇಟು ಸ್ವಲ್ಪ ಕಡಿಮೆ. ಇಲ್ಲಿನ ಎಲ್ಲರ ಅಭ್ಯಾಸ ಅದು.

ತಲಪಾಡಿ ದಾಟುವಾಗ ಅತ್ತೆ ಒಂದು ಸಲ ಕೈ ಮುಗಿದರು. ನನಗೆ ಕಾರಣ ಗೊತ್ತಿತ್ತು, ಕೇಳಲಿಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಅಂತ ಕರ್ನಾಟಕ ಆ ಗಡಿ ಮುಚ್ಚಿತು. ಒಳದಾರಿಗಳಿಗೆ ಲಾರಿಯಲ್ಲಿ ಮಣ್ಣು ತಂದು ಸುರಿದರು. ಆಂಬುಲೆನ್ಸ್ ಕೂಡ ಬಿಡಲಿಲ್ಲ. ಚಿಕಿತ್ಸೆ ಸಿಗದೆ ಎಷ್ಟೋ ಮಂದಿ ತೀರಿಕೊಂಡರು. ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋದ ಮೇಲೆ ಏಪ್ರಿಲಿನಲ್ಲಿ ರೋಗಿಗಳಿಗಷ್ಟೇ ದಾರಿ ಬಿಟ್ಟರು. ನಮ್ಮ ನೆರೆಮನೆಯ ಮಾವನಿಗೆ ಡಯಾಲಿಸಿಸ್ ಆಗುತ್ತಿದ್ದದ್ದು ಮಂಗಳೂರಲ್ಲಿ. ಆ ದಿನಗಳಲ್ಲಿ ಅವರ ಮನೆಯವರು ಪಟ್ಟ ಪಾಡು ನಾನು ಕಣ್ಣಾರೆ ನೋಡಿದ್ದೇನೆ. ನಾವು ಕನ್ನಡದವರು ಅಂತ ಜೀವಮಾನ ಪೂರ್ತಿ ಹೇಳಿಕೊಂಡು ಬಂದವರು. ಕನ್ನಡದ ಕಡೆಯಿಂದಲೇ ಬಾಗಿಲು ಮುಚ್ಚಿದ್ದು ನಮಗೆ ಬಹಳ ನೋವು ಕೊಟ್ಟಿತು. ಇದನ್ನು ನಿಮಗೆ ಹೇಳಲೇಬೇಕು ಅಂತ ತುಂಬಾ ದಿನದಿಂದ ಇತ್ತು.

ನಮ್ಮ ಹತ್ತಿರವೇ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇದೆ. 2013ರಲ್ಲಿ ಕಲ್ಲು ಹಾಕಿದ್ದು. 2020ರ ಏಪ್ರಿಲಿನಲ್ಲಿ ಅವಸರದಲ್ಲಿ ಕೊರೊನಾ ಆಸ್ಪತ್ರೆಯಾಗಿ ಬಾಗಿಲು ತೆಗೆಯಿತು. 2025ರಲ್ಲಿ ಎಂಬಿಬಿಎಸ್‌ಗೆ 50 ಸೀಟು ಮಂಜೂರಾಯಿತು. ಅದು ಪೂರ್ತಿ ಆಸ್ಪತ್ರೆಯಾಗಿ ನಡೆದರೆ ಎಂಡೋಸಲ್ಫಾನ್ ಕೀಟನಾಶಕದಿಂದ ನರಳಿದ ಎಣ್ಮಕಜೆಯ ಮನೆಗಳಿಗೂ ಆಸರೆಯಾಗುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ವರ್ಷಗಟ್ಟಲೆ ವಿಷ ಸುರಿದದ್ದು. ಅದು ನಿಂತು ಇಷ್ಟು ವರ್ಷವಾದರೂ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರು ಇಲ್ಲೇ ಪಡ್ರೆ, ಸ್ವರ್ಗದ ಕಡೆ ಇದ್ದಾರೆ.

ಇನ್ನು ದಿನನಿತ್ಯದ ಮಾತು. ಬೆಳಿಗ್ಗೆ ಏಳೂವರೆಗೆ ಮೀನಿನವರ ಸ್ಕೂಟರ್ ಹಾರ್ನ್ ಕೇಳುತ್ತದೆ. ಬಂಗುಡೆಗೆ ಚೌಕಾಸಿ ಮಲಯಾಳದಲ್ಲಿ. ಆಚೆ ಮನೆಯ ಭಟ್ಟರ ಹೆಂಡತಿ ಬೇಲಿಯಿಂದಲೇ ಹವ್ಯಕ ಭಾಷೆಯಲ್ಲಿ ಕೂಗಿ ಕರೆಯುತ್ತಾರೆ, ನಾನು ತುಳುವಿನಲ್ಲಿ ಉತ್ತರ ಕೊಡುತ್ತೇನೆ. ಆಟೋದವರ ಹತ್ತಿರ ಒಂದು ದಿನ ಬ್ಯಾರಿ, ಒಂದು ದಿನ ತುಳು. ಬಟ್ಟೆ ಅಂಗಡಿಯವರು ಕೊಂಕಣಿಯವರು, ನನ್ನ ಹತ್ತಿರ ಕನ್ನಡ. ಹರಿತ ಕರ್ಮ ಸೇನೆಯ ಅಕ್ಕಂದಿರು ತಿಂಗಳಿಗೊಮ್ಮೆ ಪ್ಲಾಸ್ಟಿಕ್ ಒಯ್ಯಲು ಬರುತ್ತಾರೆ, 50 ರೂಪಾಯಿ ಕೊಡುತ್ತೇವೆ. ಒಬ್ಬರದು ಮಲಯಾಳ, ಇನ್ನೊಬ್ಬರದು ತುಳು. ಜಗಲಿಯಲ್ಲಿ ಕೂತು ನೀರು ಕುಡಿಯುವಾಗ ಯಾರು ಯಾವುದರಲ್ಲಿ ಮಾತು ಶುರು ಮಾಡಿದರು, ಯಾವುದರಲ್ಲಿ ಮುಗಿಸಿದರು ಅಂತ ಯಾರಿಗೂ ನೆನಪಿರುವುದಿಲ್ಲ. ಜನರ ನಡುವೆ ಭಾಷೆಯಿಂದ ನಮಗೆ ತೊಂದರೆ ಆದದ್ದು ಬಹಳ ಕಡಿಮೆ ಅಕ್ಕಾ. ತೊಂದರೆ ಶುರುವಾಗುವುದು ಕಾಗದದಲ್ಲಿ.

ವಿಲೇಜ್ ಆಫೀಸಿನ ನೋಟಿಸ್, ಬ್ಯಾಂಕಿನ ಚಲನ್, ಕರೆಂಟ್ ಬಿಲ್ಲಿನ ಹಿಂದಿನ ಸೂಚನೆ, ಆಸ್ಪತ್ರೆಯ ಬೋರ್ಡ್ ಎಲ್ಲ ಜಾಸ್ತಿಯೂ ಮಲಯಾಳದಲ್ಲಿ. ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ, ಅಂಥವರು ನಮ್ಮ ಹಿರಿಯರಲ್ಲಿ ತುಂಬಾ ಜನ. ಅತ್ತೆಗೆ ಕ್ಷೇಮ ಪಿಂಚಣಿ ಬರುತ್ತದೆ. 1600 ಇದ್ದದ್ದು 2025ರ ನವೆಂಬರಿನಿಂದ 2000 ಆಯಿತು. ಈ ವಿಷಯದಲ್ಲಿ ಕೇರಳವನ್ನು ಹೊಗಳಲೇಬೇಕು. ಆದರೆ ಮಧ್ಯೆ ಒಂದು ಸಲ ಮಸ್ಟರಿಂಗ್, ಅಂದರೆ ಬದುಕಿರುವುದನ್ನು ಖಚಿತಪಡಿಸುವ ಗುರುತು ತಪಾಸಣೆ, ಮಾಡಿಸಿ ಅಂತ ಬಂದ ಮಲಯಾಳದ ಮೆಸೇಜನ್ನು ಅವರು ಕಂಪನಿಯ ಜಾಹೀರಾತು ಅಂದುಕೊಂಡು ಬಿಟ್ಟರು. ಆ ತಿಂಗಳು ದುಡ್ಡು ಬರಲಿಲ್ಲ. ಸರಕಾರಿ ಅರ್ಜಿಗಳನ್ನು ಮಾಡಿಕೊಡುವ ಅಕ್ಷಯ ಕೇಂದ್ರದ ಹುಡುಗಿ ಓದಿ ಹೇಳಿದ ಮೇಲೆ ಸರಿಯಾಯಿತು. ಕನ್ನಡದಲ್ಲಿ ಅರ್ಜಿ ಕೊಡುವ, ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕು ನಮಗೆ 1969ರ ಕೇರಳದ ಕಾಯ್ದೆಯಲ್ಲೇ ಇದೆ. ಓಟಿನ ಬ್ಯಾಲೆಟ್ಟಿನಲ್ಲಿ ಹೆಸರು ಕನ್ನಡದಲ್ಲೂ ಇರುತ್ತದೆ. ಹಾಗಿರುವಾಗ ಫೋನಿಗೆ ಬರುವ ಒಂದು ಮೆಸೇಜನ್ನೂ ಕನ್ನಡದಲ್ಲಿ ಕಳಿಸಿ ಅಂತ ಕೇಳುವುದು ದೊಡ್ಡ ಬೇಡಿಕೆ ಅಲ್ಲ.

ಇನ್ನು ನಾನು ಪಾಠ ಮಾಡುವ ಶಾಲೆಯ ವಿಷಯ. ನಮ್ಮದು ಕನ್ನಡ ಮಾಧ್ಯಮ, ಸಿಲೆಬಸ್ ಕೇರಳದ್ದು. ಪುಸ್ತಕ ಕನ್ನಡದಲ್ಲಿ ಅಚ್ಚಾಗಿ ಬರುತ್ತದೆ. ಮಕ್ಕಳು ಸಮಾಜ ಪಾಠದಲ್ಲಿ ಪೆರಿಯಾರ್, ಪಂಪಾ ನದಿಗಳನ್ನು ಕನ್ನಡದಲ್ಲಿ ಕಲಿಯುತ್ತಾರೆ, ಭಾಷಾ ಪಾಠದಲ್ಲಿ ನಿಮ್ಮ ಕಡೆಯ ಕವಿಗಳನ್ನು ಓದುತ್ತಾರೆ. ಶಾಲಾ ಕಲೋತ್ಸವದಲ್ಲಿ ಕನ್ನಡ ಪದ್ಯ ಹೇಳುವ ಸ್ಪರ್ಧೆ ಇದೆ, ಯಕ್ಷಗಾನವೂ ಇದೆ. ಈ ಸಲ ಕುಂಬಳೆ ಉಪಜಿಲ್ಲೆಯ ಕಲೋತ್ಸವದಲ್ಲಿ ನಮ್ಮ ಒಬ್ಬಳು ಹುಡುಗಿಗೆ ಪದ್ಯಕ್ಕೆ ಎ ಗ್ರೇಡ್ ಬಂತು. ಅವಳ ಮನೆಮಾತು ಮಲಯಾಳ. ಅಪ್ಪ ಪೈಂಟಿಂಗ್ ಕೆಲಸದವರು. ಮನೆಗೆ ಹತ್ತಿರ ಅಂತ ನಮ್ಮ ಶಾಲೆಗೆ ಸೇರಿಸಿದ್ದು. ಅವಳು ಕಯ್ಯಾರ ಕಿಞ್ಞಣ್ಣ ರೈಗಳ ಪದ್ಯ ಹೇಳಿದಾಗ ಹಿಂದಿನ ಸಾಲಿನಲ್ಲಿ ಅವಳಪ್ಪ ನಿಂತೇ ಕೇಳಿದರು. ಕಯ್ಯಾರರು ಇದೇ ಬದಿಯಡ್ಕದ ಪೆರಡಾಲದವರು. 1915ರಲ್ಲಿ ಹುಟ್ಟಿ ನೂರು ವರ್ಷ ಬದುಕಿದರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ಕೊನೆಯವರೆಗೂ ಹೇಳಿದವರು. ಅವರ ಪದ್ಯ ಮಲಯಾಳದ ಮನೆಯ ಮಗುವಿನ ಬಾಯಲ್ಲಿ ಅಷ್ಟು ಚೆನ್ನಾಗಿ ಬಂದದ್ದು ನನಗೆ ಈ ವರ್ಷದ ದೊಡ್ಡ ಸಂತೋಷ.

ಚಿಂತೆಯೂ ಇದೆ. ಮಕ್ಕಳ ಸಂಖ್ಯೆ ಇಳಿಯುತ್ತಿದೆ. ಇಂಗ್ಲಿಷ್ ಮೀಡಿಯಂ ವ್ಯಾನು ಮನೆಯ ಬಾಗಿಲಿಗೇ ಬರುತ್ತದೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಾರದವರನ್ನು ಹಾಕಿದ್ದೂ ಇದೆ. ಗಣಿತದ ಟೀಚರ್ ಮಲಯಾಳದಲ್ಲಿ ಹೇಳಿಕೊಡುತ್ತಾರೆ, ಮಗು ಕನ್ನಡದಲ್ಲಿ ಪರೀಕ್ಷೆ ಬರೆಯಬೇಕು. ತಂದೆತಾಯಿ ಗೇಟಿನ ಹತ್ತಿರ ಧರಣಿ ಕೂತ ಶಾಲೆಗಳು ಒಂದೆರಡಲ್ಲ. ಟೀಚರ್ ಮೇಲೆ ನನಗೆ ಸಿಟ್ಟಿಲ್ಲ, ಅವರೂ ಕೆಲಸ ಹುಡುಕಿಕೊಂಡು ಬಂದವರು. ಕನ್ನಡ ಬರುತ್ತದೋ ಇಲ್ಲವೋ ಅಂತ ಸರಿಯಾಗಿ ನೋಡದೆ ಕಳಿಸುವವರ ಮೇಲೆ ಸಿಟ್ಟು. 2025ರಲ್ಲಿ ಕೇರಳ ವಿಧಾನಸಭೆ ಮಲಯಾಳ ಭಾಷಾ ಮಸೂದೆ ಪಾಸು ಮಾಡಿದ ಮೇಲೆ ಸ್ಟಾಫ್ ರೂಮಿನಲ್ಲಿ ದಿನಾ ಅದೇ ಚರ್ಚೆ. ಅಲ್ಪಸಂಖ್ಯಾತರಿಗೆ ರಿಯಾಯಿತಿ ಇದೆ ಅನ್ನುತ್ತಾರೆ. ಮಲಯಾಳ ಕಲಿಯಬಾರದು ಅಂತ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅದು ಬಂದರೆ ನಮ್ಮ ಮಕ್ಕಳಿಗೇ ಪಿಎಸ್‌ಸಿ ಮೂಲಕ ಸರಕಾರಿ ಕೆಲಸ ಸುಲಭ. ಒಂದನೇ ಭಾಷೆಯ ಜಾಗದಲ್ಲಿ ಕನ್ನಡ ಉಳಿಯಬೇಕು ಅನ್ನುವುದಷ್ಟೇ ನಮ್ಮ ಮಾತು.

ಮಗಳಿಗೆ ಈಗ ಪ್ಲಸ್ ಟು ಪರೀಕ್ಷೆಯ ಸಮಯ. ಅದು ಮುಗಿದ ಕೂಡಲೇ ಏಪ್ರಿಲಿನಲ್ಲಿ ಕರ್ನಾಟಕದ ಸಿಇಟಿ. ಇಂಜಿನಿಯರಿಂಗ್ ಓದಬೇಕು ಅಂತ ಅವಳ ಆಸೆ. ಗಡಿನಾಡು ಕನ್ನಡಿಗರು ಅನ್ನುವ ವಿಭಾಗದಲ್ಲಿ ಅರ್ಜಿ ಹಾಕಿದ್ದೇವೆ. ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕುಗಳಿಗೂ ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದಂಥ ತಾಲೂಕುಗಳಿಗೂ ಅದು ಇದೆ. ಮನೆಮಾತು ಕನ್ನಡ, ತುಳು ಇಲ್ಲವೇ ಕೊಡವ ಆಗಿರಬೇಕು. ಇಲ್ಲಿನ ಶಾಲೆಯಲ್ಲೇ ಓದಿರಬೇಕು. ಅದರ ಮೇಲೆ ಒಂದು ಕನ್ನಡ ಪರೀಕ್ಷೆ, 50ಕ್ಕೆ 12 ಬಂದರೆ ಸಾಕು. ಒಂದನೇ ಕ್ಲಾಸಿನಿಂದ ಕನ್ನಡದಲ್ಲೇ ಓದಿದವಳಿಗೆ ಅದೇನೂ ಕಷ್ಟವಲ್ಲ. ಓಡಾಟ ಇದ್ದದ್ದು ಸರ್ಟಿಫಿಕೇಟಿಗೆ. ಇಲ್ಲಿನ ಆಫೀಸಿನಲ್ಲಿ ಕೊಡುವ ನಮೂನೆ ಬೇರೆ, ಅಲ್ಲಿ ಕೇಳುವ ನಮೂನೆ ಬೇರೆ. ಅವರು ಕೇಳಿದ ಒಕ್ಕಣೆಯಲ್ಲೇ ಬರೆಸಿ, ಸೀಲು ಹಾಕಿಸಿ ತರುವಷ್ಟರಲ್ಲಿ ನಮ್ಮವರ ಚಪ್ಪಲಿ ಸವೆಯಿತು. ಇದೇ ಹೊತ್ತಿಗೆ ಕೇರಳದ ಪ್ರವೇಶ ಪರೀಕ್ಷೆಗೂ ಓದುತ್ತಿದ್ದಾಳೆ. ಇಲ್ಲಿನ ಮಕ್ಕಳಿಗೆ ಎರಡು ಬಾಗಿಲು ಅಂತ ಹೊರಗಿನವರು ಹೇಳುತ್ತಾರೆ. ಎರಡು ಬಾಗಿಲಿಗೂ ಬೇರೆ ಬೇರೆ ಬೀಗದ ಕೈ ಬೇಕು ಅನ್ನುವುದು ಆ ಮಕ್ಕಳಿಗೇ ಗೊತ್ತು.

ಅಡಿಕೆ ತೋಟದ ವಿಷಯ. ಕಳೆದ ಮಳೆಗಾಲದಲ್ಲಿ ಕೊಳೆರೋಗ ಜಾಸ್ತಿ ಇತ್ತು. ಮೈಲುತುತ್ತು, ಸುಣ್ಣ ಕಲಸಿ ಮದ್ದು ಬಿಡಲು ಮರ ಹತ್ತುವವರು ಸಿಗುವುದಿಲ್ಲ. ಈಗ ಫೈಬರಿನ ಉದ್ದ ಕೋಲು, ಅಂದರೆ ದೋಟಿ, ತಗೊಂಡಿದ್ದೇವೆ, ನೆಲದಲ್ಲಿ ನಿಂತೇ ಮದ್ದು ಬಿಡಬಹುದು, ಅಡಿಕೆ ಗೊನೆಯನ್ನೂ ಕೊಯ್ಯಬಹುದು. ಅಂಗಳ ಪೂರ್ತಿ ಅಡಿಕೆ ಹರಡಿದೆ. ಸಂಜೆ ಶಾಲೆಯಿಂದ ಬಂದವಳು ಮೊದಲು ಅಡಿಕೆ ಮಗುಚಿ ಆಮೇಲೆ ಚಾ ಕುಡಿಯುವುದು. ಮಾರುವುದು ಕ್ಯಾಂಪ್ಕೋಗೆ. 1973ರಲ್ಲಿ ಕರ್ನಾಟಕದ, ಕೇರಳದ ಬೆಳೆಗಾರರು ಒಟ್ಟಾಗಿ ಕಟ್ಟಿದ ಸಂಸ್ಥೆ ಅದು. ನನಗೆ ಅದರ ಮೇಲೆ ಒಂದು ಅಭಿಮಾನ. ಅಡಿಕೆಯವರು ಒಟ್ಟಾಗುವಾಗ ಗಡಿ ಅಡ್ಡ ಬರಲಿಲ್ಲ ನೋಡಿ.

ನೀವು ಬಂದಾಗ ತೋರಿಸಲೇಬೇಕಾದದ್ದು ನೀರಿಗಾಗಿ ಗುಡ್ಡದೊಳಗೆ ಅಡ್ಡವಾಗಿ ತೋಡಿದ ನಮ್ಮ ಸುರಂಗ. ಫೋಟೋದಲ್ಲಿ ಅದು ಅರ್ಥವಾಗುವುದಿಲ್ಲ. ಗುಡ್ಡದ ಬುಡದಲ್ಲಿ ಒಬ್ಬ ಆಳು ತಲೆ ತಗ್ಗಿಸಿ ಹೋಗುವಷ್ಟು ಒಂದು ಬಾಯಿ. ಒಳಗೆ ಮುರಕಲ್ಲಿನ ಗೋಡೆ, ಪಿಕ್ಕಾಸಿನ ಏಟಿನ ಗುರುತು ಈಗಲೂ ಕಾಣುತ್ತದೆ. ನಮ್ಮವರ ಅಜ್ಜ ತೋಡಿಸಿದ್ದು, 60 ಕೋಲು ಉದ್ದ. ಒಂದು ಕೋಲು ಅಂದರೆ ಎರಡೂವರೆ ಅಡಿ. ತೋಡುವವರು ಕ್ಯಾಂಡಲ್ ಹಚ್ಚಿಕೊಂಡು ಹೋಗುತ್ತಿದ್ದರಂತೆ, ಅದು ನಂದಿದರೆ ಗಾಳಿ ಸಾಲದು ಅಂತ ಹೊರಗೆ ಬಂದುಬಿಡುತ್ತಿದ್ದರು. ಕೊನೆಯಲ್ಲಿ ಗೋಡೆಯಿಂದ ನೀರು ಜಿನುಗುತ್ತದೆ. ಅದು ನೆಲದ ಸಣ್ಣ ತೋಡಿನಲ್ಲಿ ಹರಿದು, ಬಾಯಿಯ ಹತ್ತಿರ ಅಡಿಕೆ ಮರ ಸೀಳಿ ಮಾಡಿದ ದಂಬೆಗೆ ಬಿದ್ದು, ಅಲ್ಲಿಂದ ಟಾಂಕಿಗೆ ಹೋಗುತ್ತದೆ. ಪಂಪು ಬೇಡ, ಕರೆಂಟು ಬೇಡ. ಮಾರ್ಚಿನಲ್ಲಿ ನೀರಿನ ದಾರ ತೆಳ್ಳಗಾಗುತ್ತದೆ, ನಿಲ್ಲುವುದಿಲ್ಲ. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ತೋಡಿ ಬೋಳುಗುಡ್ಡವನ್ನು ತೋಟ ಮಾಡಿದರು, ಅವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆ ದಿನ ನಮ್ಮ ಕಡೆಯವರೂ ನಮ್ಮ ಊರವರಿಗೇ ಬಂದ ಹಾಗೆ ಸಂಭ್ರಮಪಟ್ಟರು.

ಹಬ್ಬಗಳಲ್ಲಿ ನಿಮಗೂ ನಮಗೂ ಸ್ವಲ್ಪ ವ್ಯತ್ಯಾಸ ಇದೆ. ನೀವು ಮಾರ್ಚಿನಲ್ಲಿ ಯುಗಾದಿ ಶುಭಾಶಯ ಕಳಿಸುತ್ತೀರಿ, ನಮ್ಮ ಹೊಸ ವರ್ಷ ಏಪ್ರಿಲ್ ಮಧ್ಯದ ಬಿಸುವಿಗೆ. ಅದೇ ದಿನ ಮಲಯಾಳದವರಿಗೆ ವಿಷು. ಎರಡೂ ಮನೆಯಲ್ಲಿ ಕಣಿ ಇಡುತ್ತಾರೆ, ಬೆಳಿಗ್ಗೆ ಕಣ್ಣು ಮುಚ್ಚಿಕೊಂಡು ಬಂದು ನೋಡುತ್ತಾರೆ. ಓಣಂ ರಜೆ ಹತ್ತು ದಿನ ಸಿಗುತ್ತದೆ, ಶಾಲೆಯಲ್ಲಿ ಹೂವಿನ ರಂಗೋಲಿ ಪೂಕಳಂ ಹಾಕಿ ಮಾವೇಲಿಯನ್ನು ಕರೆಯುತ್ತೇವೆ. ಆಮೇಲೆ ದೀಪಾವಳಿಗೆ ಮನೆಯಂಗಳದಲ್ಲಿ ಹಾಲೆ ಮರದ ಕಂಬ ನೆಟ್ಟು, ಹೂ ಸುತ್ತಿ, ಹಣತೆ ಇಟ್ಟು, ಅಕ್ಕಿ ಅರಳು ಚೆಲ್ಲಿ 'ಕೂ ಬಲೀಂದ್ರ' ಅಂತ ಕರೆಯುತ್ತೇವೆ. ಮಾವೇಲಿ ಅಂದರೂ ಬಲೀಂದ್ರ ಅಂದರೂ ಬಲಿ ಚಕ್ರವರ್ತಿಯೇ, ರಾಜ ಒಬ್ಬನೇ. ಈ ಸಲ ನಮ್ಮ ಮನೆಯ ಬಲೀಂದ್ರ ಪೂಜೆಗೆ ಕೆಳಗಿನ ಮನೆಯ ಮಲಯಾಳದ ಮಕ್ಕಳೂ ಬಂದು ಗಂಟಲು ಬಿರಿಯುವಷ್ಟು ಕೂ ಹಾಕಿದರು. ಮೈದುನ ದುಬೈಯಿಂದ ವಿಡಿಯೋ ಕಾಲಿನಲ್ಲೇ ಕೂಗಿದ. ಅವನಿಗೆ ಈ ವರ್ಷವೂ ರಜೆ ಸಿಗಲಿಲ್ಲ.

ಕಳೆದ ವರ್ಷ, 2025ರ ಮಾರ್ಚ್‌-ಏಪ್ರಿಲಿನಲ್ಲಿ ಮಧೂರು ದೇವಸ್ಥಾನದಲ್ಲಿ ಬ್ರಹ್ಮಕಲಶ, ಮೂಡಪ್ಪ ಸೇವೆ ಆದದ್ದನ್ನು ನಾನು ನಿಮಗೆ ಸರಿಯಾಗಿ ಹೇಳಿರಲಿಲ್ಲ. ಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ ಅದು. 1992ರ ನಂತರ ಆಗಲೇ ಆದದ್ದು. ಅತ್ತೆ ಆ 1992ರದ್ದನ್ನೂ ನೋಡಿದವರು. ನಮ್ಮ ಕುಟುಂಬಶ್ರೀ ಸ್ವಸಹಾಯ ಸಂಘದ ಹೆಂಗಸರು ಹೊರೆಕಾಣಿಕೆಗೆ ತೆಂಗಿನಕಾಯಿ, ಅಕ್ಕಿ, ಬಾಳೆಎಲೆ ಒಟ್ಟು ಮಾಡಿದೆವು. ದಕ್ಷಿಣದ ಕಾಞಂಗಾಡಿನ ಕಡೆಯವರೂ ಉತ್ತರದ ಪುತ್ತೂರು, ಮಂಗಳೂರಿನವರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತಿದ್ದರು. ಬಡಿಸುವಾಗ ನಾವು ಎಲೆ ನೋಡಿ ಬಡಿಸುತ್ತಾ ಬಾಯಿಗೆ ಬಂದ ಭಾಷೆಯಲ್ಲಿ ಸಾಂಬಾರು, ಪಾಯಸ ಅಂತ ಕೂಗುತ್ತಿದ್ದೆವು.

ನೀವು ಒಂದು ಸಲ ಫೋನಿನಲ್ಲಿ, ಕಾಸರಗೋಡು ಯಾವತ್ತಾದರೂ ಕರ್ನಾಟಕಕ್ಕೆ ಬರುತ್ತಾ ಅಂತ ಕೇಳಿದ್ದಿರಿ. 1956ರ ನವೆಂಬರ್ 1ರಂದು ನೀವು ರಾಜ್ಯೋತ್ಸವ ಮಾಡುವ ಕಾರಣ ಹುಟ್ಟಿತು, ಅದೇ ದಿನ ನಾವು ಆಚೆ ಉಳಿದೆವು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ ಗಡಿ ವಿವಾದ ನೋಡಲು ನೇಮಿಸಿದ ಮಹಾಜನ ಆಯೋಗ 1967ರಲ್ಲಿ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ಮಾವ ಬದುಕಿದ್ದಾಗ ನವೆಂಬರ್ 1ಕ್ಕೆ ಊಟ ಬಿಡುತ್ತಿದ್ದರು. ನನ್ನ ಮಗಳಿಗೆ ಆ ಸಂಕಟ ಇಲ್ಲ. ಇದು ನನ್ನ ಊರು, ಕನ್ನಡ ನನ್ನ ಓದು, ಕೇರಳ ನನ್ನ ರಾಜ್ಯ ಅಂತ ಅವಳು ನೇರವಾಗಿ ಹೇಳುತ್ತಾಳೆ. ಮಾವನ ನೋವನ್ನು ನಾನು ಸಣ್ಣದು ಅನ್ನಲಾರೆ, ಮಗಳ ಮಾತನ್ನು ತಪ್ಪು ಅನ್ನಲೂ ಆಗುವುದಿಲ್ಲ. ಕರ್ನಾಟಕದವರಿಂದ ನಾನು ಬಯಸುವುದು ಇಷ್ಟು: ರಾಜ್ಯೋತ್ಸವದ ಭಾಷಣದಲ್ಲಿ ನಮ್ಮ ಹೆಸರು ಹೇಳುವುದಕ್ಕಿಂತ, ನಮ್ಮ ಮಕ್ಕಳ ಸರ್ಟಿಫಿಕೇಟ್ ನೋಡುವ ಕ್ಲರ್ಕಿಗೆ ಕಾಸರಗೋಡು ಎಲ್ಲಿದೆ ಅಂತ ಗೊತ್ತಿರಲಿ.

ಈ ರಜೆಯಲ್ಲಿ ಖಂಡಿತ ಬನ್ನಿ. ಬಿಸುವಿಗೇ ಬಂದರೆ ಇನ್ನೂ ಒಳ್ಳೆಯದು, ಗುಜ್ಜೆ ಅಂದರೆ ಎಳೆ ಹಲಸಿನ ಪಲ್ಯ, ಮಾವಿನಹಣ್ಣಿನ ಸಾಸಮೆ ಎಲ್ಲ ಇರುತ್ತದೆ. ಮಂಗಳೂರಿಗೆ ಹೋಗಿ ಸುತ್ತುವುದು ಬೇಡ. ಮಡಿಕೇರಿ, ಸುಳ್ಯ ದಾರಿಯಲ್ಲಿ ಬಂದು ಜಾಲ್ಸೂರಿನಲ್ಲಿ ಕಾಸರಗೋಡಿನ ಕಡೆಗೆ ತಿರುಗಿ. ಸುಳ್ಯದಲ್ಲಿ ನೀವು ನೋಡುವ ಪಯಸ್ವಿನಿಯೇ ಮುಂದೆ ನಮ್ಮ ಚಂದ್ರಗಿರಿ ಹೊಳೆ. ಮುಳ್ಳೇರಿಯದಲ್ಲಿ ಇಳಿದರೆ ನಮ್ಮವರು ಜೀಪು ತರುತ್ತಾರೆ. ಮಧ್ಯಾಹ್ನದೊಳಗೆ ತಲುಪುವ ಹಾಗೆ ಹೊರಡಿ, ಸಂಜೆ ಗುಡ್ಡದ ಮೇಲೆ ಗುಡುಗು ಶುರುವಾದರೆ ಕರೆಂಟು ಹೋಗುತ್ತದೆ. ಭಾವನವರ ಶುಗರ್ ಈಗ ಹೇಗಿದೆ? ಮಗನ ಹೊಸ ಕೆಲಸದ ಊರು ಯಾವುದು ಅಂತ ಬರೆಯಲೇ ಇಲ್ಲ ನೀವು. ಮುಂದಿನ ಉತ್ತರದಲ್ಲಿ ಮೊದಲು ಅದನ್ನು ತಿಳಿಸಿ.